ನಲವತ್ತೇಳನೇ ಮನೆಯ ಸೊನ್ನೆ

ಬೈರಕೂರು ಹೋಬಳಿ, ಮುಳಬಾಗಿಲು ತಾಲ್ಲೂಕು
17-9-1981, ಗುರುವಾರ

ಅನಸೂಯ ಮಿಸ್‌ಗೆ,

ಮೊದಲು ‘ಪ್ರೀತಿಯ’ ಅಂತ ಬರೆದೆ, ಆಮೇಲೆ ಹೊಡೆದು ಹಾಕಿದೆ. ಕೋಪ ಇಳಿದರೆ ಸೇರಿಸುತ್ತೇನೆ. ಕ್ಷೇಮವೇ ಅಂತಲೂ ಕೇಳುವುದಿಲ್ಲ. ನೀವು ಚೆನ್ನಾಗಿಯೇ ಇರುತ್ತೀರಿ.

ನಾನು ಶಾಮಲ. ಎಪ್ಪತ್ತೊಂಬತ್ತರಲ್ಲಿ ನೀವು ಎಂ.ಫಿಲ್. ಓದಿಗೆ ಅಂತ ಬೆಂಗಳೂರಿನಿಂದ ನಮ್ಮೂರಿಗೆ ಬಂದು, ಯಾವ ಮನೆಯಲ್ಲಿ ಮನಸ್ಸಿನ ಕಾಯಿಲೆಯವರು ಎಷ್ಟು ಜನ ಇದ್ದಾರೆ ಅಂತ ಬರೆದುಕೊಂಡು ಹೋದಿರಲ್ಲ, ಆಗ ಇಪ್ಪತ್ತಾರು ದಿನ ನಿಮ್ಮ ಜೊತೆ ಬಿಸಿಲಲ್ಲಿ ತಿರುಗಿದವಳು. ಹೆಂಗಸರು ತೆಲುಗಿನಲ್ಲಿ ಹೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳಿದವಳು. ಮರೆತಿಲ್ಲ ಅಂತ ಗೊತ್ತು. ನನ್ನ ಹೆಸರನ್ನು ಅಚ್ಚು ಹಾಕಿಸಿದ್ದೀರಿ.

ನೀವು ಕಳಿಸಿದ ಪುಸ್ತಕ ಹೋದ ತಿಂಗಳು ಬಂತು. ನಾನು ಈಗ ಮಾಲೂರಿನ ಸೊಸೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೇನೆ, ಏಳು ತುಂಬಿದೆ. ಕೆಲಸ ಮಾಡಲು ಬಿಡುವುದಿಲ್ಲ, ಕೂತರೆ ಕೂರಲು ಆಗುವುದಿಲ್ಲ. ಅದಕ್ಕೇ ಪುಸ್ತಕವನ್ನು ಮೂರು ದಿನ ಓದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಿಧಾನ. ಆದರೆ ಓದಿದ್ದು ಮರೆಯುವುದಿಲ್ಲ. ಮೂರನೇ ಪುಟದಲ್ಲಿ ‘ಪ್ರಾಮಾಣಿಕವಾಗಿ ದುಭಾಷಿಯ ಕೆಲಸ ಮಾಡಿದ ಕುಮಾರಿ ಶಾಮಲ ಅವರಿಗೆ ಕೃತಜ್ಞತೆ’ ಅಂತ ಇದೆ. ಹತ್ತೊಂಬತ್ತನೇ ಪುಟದಲ್ಲಿ, ರೇಷ್ಮೆಹುಳು ಸಾಕುವ ಮನೆಗಳಲ್ಲಿ ಮನಸ್ಸಿನ ಕಾಯಿಲೆ ಒಂದೂ ಕಂಡುಬಂದಿಲ್ಲ, ಬಿಡುವಿಲ್ಲದ ದುಡಿಮೆ, ಕೂಡು ಕುಟುಂಬದ ಆಸರೆ ಇದಕ್ಕೆ ಕಾರಣವಿರಬಹುದು ಅಂತ ಇದೆ.

ಇದನ್ನು ನಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ರಾಗಿ ಕೇರುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಕೇರತೊಡಗಿದಳು.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ನಿಮ್ಮ ಲೆಕ್ಕದಲ್ಲಿ ನಮ್ಮದು ನಲವತ್ತೇಳನೇ ಮನೆ. ಅದರ ಮುಂದೆ ಸೊನ್ನೆ ಅಂತ ಬರೆದಿದ್ದೀರಿ. ಆ ಮನೆಯಲ್ಲಿ ಒಬ್ಬಳಿದ್ದಾಳೆ. ನನ್ನ ಅಕ್ಕ ಅಂಜಮ್ಮ. ಬರುವ ಬುಧವಾರ ಇಪ್ಪತ್ತಮೂರನೇ ತಾರೀಖಿನ ಒಳಗೆ ನೀವು ಆ ಸೊನ್ನೆ ಅಳಿಸದಿದ್ದರೆ ಅವಳಿಗೆ ಮಾತ್ರೆ ಸಿಗುವುದಿಲ್ಲ. ಮಾತ್ರೆ ಸಿಗದಿದ್ದರೆ ಮಹಾಲಯ ಅಮಾವಾಸ್ಯೆ ದಿನ ನಮ್ಮಪ್ಪ ಅವಳನ್ನು ಗಡಿಯಾಚೆ ಒಂದು ಕಡೆ ಬಿಟ್ಟು ಬರುತ್ತಾರೆ. ಅಲ್ಲಿ ಇಂಥವರನ್ನು ಕಂಬಕ್ಕೆ ಕಟ್ಟಿಹಾಕುತ್ತಾರೆ. ಅಪ್ಪ ಹೋಗಿ ಕಂಬ ನೋಡಿಕೊಂಡು ಬಂದಿದ್ದಾರೆ. ನೆರಳಿದೆ, ಪರವಾಗಿಲ್ಲ ಅಂದರು.

ಅಂಜಕ್ಕ ಯಾರು ಅಂತ ನಿಮಗೆ ಗೊತ್ತಿಲ್ಲ. ಇಪ್ಪತ್ತಾರು ದಿನದಲ್ಲಿ ನಾನು ಒಂದು ಸಲವೂ ಅವಳ ಹೆಸರು ಹೇಳಲಿಲ್ಲ. ನನಗಿಂತ ಏಳು ವರ್ಷ ದೊಡ್ಡವಳು. ಶ್ರೀನಿವಾಸಪುರದ ಕಡೆ ಮಾವಿನ ತೋಪಿನವರಿಗೆ ಕೊಟ್ಟಿದ್ದರು. ಮೊದಲ ಮಗು ಹುಟ್ಟಿದ ಮೂರನೇ ದಿನಕ್ಕೆ ಹೋಯಿತು. ಆಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಗೋಡೆಯೊಳಗಿನಿಂದ ಇಬ್ಬರು ತನ್ನ ಬಗ್ಗೆ ಮಾತಾಡುತ್ತಾರೆ ಅನ್ನತೊಡಗಿದಳು. ಅನ್ನ ಬಿಟ್ಟಳು, ತಲೆ ಬಾಚುವುದನ್ನು ಬಿಟ್ಟಳು. ಎಪ್ಪತ್ತೆರಡರಲ್ಲಿ ಅವರ ಕಡೆಯ ಗಾಡಿ ಮುಳಬಾಗಿಲ ಸಂತೆಗೆ ಬರುವಾಗ ಮಾವಿನ ಬುಟ್ಟಿಗಳ ನಡುವೆ ಇವಳನ್ನು ಕೂರಿಸಿ ನಮ್ಮ ಬಾಗಿಲಲ್ಲಿ ಇಳಿಸಿ ಹೋದರು. ಒಂದು ಬುಟ್ಟಿ ಹಣ್ಣನ್ನೂ ಇಳಿಸಿದ್ದರು. ಅವಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ.

ನೀವು ಒಂದು ದಿನ ಕುಂಟೆ ಏರಿಯ ಮೇಲೆ ಕೂತು ಬುತ್ತಿ ತಿನ್ನುವಾಗ, ನಿನಗೆ ಒಳ್ಳೆ ಬುದ್ಧಿಯಿದೆ, ಓದು ಬಿಡಬಾರದಿತ್ತು ಶಾಮಲ ಅಂದಿರಿ. ಚಪ್ಪಲಿ ತೆಗೆದು ಹೊಡೆಯಬೇಕು ಅನ್ನಿಸಿತ್ತು. ಸುಮ್ಮನೆ ನಕ್ಕೆ.

ಹುಳುಮನೆಯ ವಿಷಯ ಹೇಳುತ್ತೇನೆ. ನಿಮ್ಮ ಪುಸ್ತಕದಲ್ಲಿ ಅದರ ಉದ್ದ ಅಗಲ ಎಲ್ಲ ಇದೆ. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಸೊಪ್ಪು ಮೇಯುವಾಗ ಹೊರಗಿನವರು ಒಳಗೆ ಕಾಲಿಡಬಾರದು. ಯಾರ ಕಾಲಿನ ಧೂಳಿನಲ್ಲಿ ಯಾವ ರೋಗವಿದೆಯೋ, ಒಂದು ತಟ್ಟೆ ಕಪ್ಪಾದರೆ ಎಲ್ಲ ತಟ್ಟೆಯೂ ಕಪ್ಪಾಗುತ್ತದೆ. ಅದಕ್ಕೇ ಹೊಸ್ತಿಲ ಮೇಲೆ ಸುಣ್ಣದ ಗೆರೆ ಎಳೆಯುತ್ತೇವೆ. ಸುಣ್ಣದ ಗೆರೆ ಕಂಡರೆ ನೆಂಟರೂ ಆಚೆಯೇ ನಿಂತು ಮಾತಾಡಿ ಹೋಗುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಅಂಜಕ್ಕ ಬಂದ ಮೇಲೆ ನಮ್ಮ ಮನೆಯ ಸುಣ್ಣದ ಗೆರೆ ಅಳಿಸಲೇ ಇಲ್ಲ. ಒಂದು ಬೆಳೆ ಮುಗಿದರೆ ಇನ್ನೊಂದು ಬೆಳೆಗೆ ಮೊಟ್ಟೆ ತರುತ್ತಿದ್ದರು. ಅವಳು ಒಳಗೇ ಇದ್ದಳು.

ಬಂದೀಖಾನೆ ಅಂದುಕೊಳ್ಳಬೇಡಿ. ಬಂದೀಖಾನೆಯೇ, ಆದರೆ ಅವಳಿಗೆ ಅಲ್ಲಿ ನೆಮ್ಮದಿಯಿತ್ತು. ನಲವತ್ತು ತಟ್ಟೆ ಹುಳು ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಕೇಳಿದ್ದೀರಾ? ಒಣ ಎಲೆಯ ಮೇಲೆ ಕುರಿಮಂದೆ ನಡೆದ ಹಾಗಿರುತ್ತದೆ. ಅವಳು ಕಣ್ಣುಮುಚ್ಚಿ ನಿಂತು ಯಾವ ತಟ್ಟೆಯ ಹುಳುವಿಗೆ ಹಸಿವಾಗಿದೆ ಅಂತ ಹೇಳುತ್ತಿದ್ದಳು. ಒಂದು ಸಲವೂ ತಪ್ಪಿಲ್ಲ. ಒಮ್ಮೆ ನಾನು ಕೇಳಿದೆ, ಆ ಗೋಡೆಯವರು ಈಗಲೂ ಬೈತಾರಾ ಅಂತ. “ಹುಳ ಮೇಯುವಾಗ ಅವ್ರ ಮಾತು ಕೇಳ್ಸಲ್ಲ ಕಣೇ. ಬಾಯಿ ಆಡಿಸ್ತಾ ಇರ್ತಾರೆ, ಪಾಪ, ಯಾರಿಗೆ ಕೇಳ್ಬೇಕು?” ಅಂದಳು. ಅವರ ಮೇಲೇ ಕನಿಕರ ಅವಳಿಗೆ.

ಈಗ ನೀವು ನಮ್ಮ ಮನೆಗೆ ಬಂದ ದಿನದ ಮಾತು.

ಅಷ್ಟು ಹೊತ್ತಿಗೆ ಇಡೀ ಊರು ನಿಮ್ಮನ್ನು ನೋಡಿ ನಕ್ಕು ಮುಗಿಸಿತ್ತು. ಮೊದಲ ದಿನ ಯಾರೂ ನಗಲಿಲ್ಲ, ಹೆದರಿದರು. ನೀವು ಬಾಗಿಲ ಮೇಲೆ ಕೆಂಪು ಜಾಜಿನಲ್ಲಿ ನಂಬರು ಬರೆದ ಕೂಡಲೇ ಗಂಡಸರಿಗೆಲ್ಲ ಎಮರ್ಜೆನ್ಸಿಯ ಆಪರೇಷನ್ ನೆನಪಾಯಿತು. ಮೂರು ಮಕ್ಕಳ ಆವಲಪ್ಪ ಹುಲ್ಲಿನ ಬಣವೆ ಹತ್ತಿ ಕೂತ. ಅವನ ಹೆಂಡತಿ ಕೆಳಗೆ ನಿಂತು, “ಇಳಿಯೋ, ಇವ್ರು ಕೊಯ್ಯೋರಲ್ವಂತೆ, ತಲೆ ನೋಡೋರಂತೆ! ನಿಂಗೆ ಅದಿಲ್ವಲ್ಲ, ಯಾಕೆ ಹೆದರ್ತೀಯಾ?” ಅಂತ ಕೂಗಿದಳು. ನಿಮ್ಮ ಜೊತೆ ಓದುವ ಶ್ರೀನಿವಾಸಪ್ಪ ಸರ್ ಗಂಡಸರನ್ನು ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರು. ಹೆಂಗಸರ ಪಾಲು ನಿಮ್ಮದು. ಎಂಟನೇ ಪ್ರಶ್ನೆ, ಮನೆಯಲ್ಲಿ ಯಾರಾದರೂ ಒಬ್ಬರೇ ಮಾತಾಡುತ್ತಾರೆಯೇ ಅಂತ. ಮುದುಕಿ ಭಾರತಮ್ಮ ಎಲೆ ಅಡಿಕೆ ಉಗಿದು, “ನಲವತ್ತು ವರ್ಷದಿಂದ ನನ್ ಗಂಡನ್ ಜೊತೆ ಮಾತಾಡ್ತಿದ್ದೀನಿ, ಒಂದ್ ದಿನ ಊಂ ಅಂದಿಲ್ಲ. ಅದು ಒಬ್ಳೇ ಮಾತಾಡಿದ್ದು ತಾನೇ? ಬರ್ಕಳಮ್ಮಾ, ನಂದೊಂದು!” ಅಂದಳು. ನೀವು ನಕ್ಕಿರಿ, ಬರೆದುಕೊಳ್ಳಲಿಲ್ಲ.

ನಮ್ಮ ಮನೆಯ ಸರದಿ ಬರುವ ಹಿಂದಿನ ದಿನ ಅಪ್ಪ ಅಮ್ಮನಿಗೂ ನನಗೂ ಹೇಳಿ ಇಟ್ಟರು. ಮಾಲೂರಿನವರು ನನ್ನನ್ನು ನೋಡಿ ಒಪ್ಪಿ ಹೋಗಿ ಇನ್ನೂ ಎಂಟೇ ದಿನವಾಗಿತ್ತು. ಮನೆಯಲ್ಲಿ ಇಂಥವಳಿದ್ದಾಳೆ ಅಂತ ಒಂದು ಕಾಗದದಲ್ಲಿ ಬಿದ್ದರೆ ಆ ಸಂಬಂಧ ಮುರಿಯುತ್ತದೆ. ಎವರೂ ಲೇರು, ಯಾರೂ ಇಲ್ಲ ಅಂತ ಹೇಳಬೇಕು, ಅಷ್ಟೇ.

ನೀವು ಬಂದು ಜಗುಲಿಯ ಮೇಲೆ ಕೂತಿರಿ. ಅಮ್ಮ ಮಜ್ಜಿಗೆ ಕೊಟ್ಟಳು. ನೀವು ಕೇಳಿದಿರಿ, ನಾನು ತೆಲುಗಿನಲ್ಲಿ ಕೇಳಿದೆ, ಅಮ್ಮ ಯಾರೂ ಇಲ್ಲ ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಮ್ಮ ಯಾಕೆ ಅಳುತ್ತಾರೆ ಅಂತ ಕೇಳಿದಿರಿ. ನಮ್ಮಜ್ಜಿ ಸತ್ತು ವರ್ಷವಾಗಿಲ್ಲ, ಅದಕ್ಕೇ ಅಂದೆ. ಆಮೇಲೆ ನೀವು ಎದ್ದು ಹುಳುಮನೆಯ ಕಡೆ ನಡೆದಿರಿ. ಸುಣ್ಣದ ಗೆರೆಯ ಹತ್ತಿರ ನಿಮ್ಮ ಚಪ್ಪಲಿಯ ಉಂಗುಷ್ಟ ಕಿತ್ತು ಬಂತು. ಬಗ್ಗಿ ಅದನ್ನು ಸರಿಮಾಡುತ್ತಾ ಬಾಗಿಲ ಸಂದಿನ ಕಡೆ ನೋಡಿದಿರಿ. ನಾನು ಓಡಿ ಬಂದು, ಹುಳು ಹಣ್ಣಾಗಿ ಗೂಡು ಕಟ್ಟುವ ಕಾಲ ಮಿಸ್, ಒಳಗೆ ಹೋಗಬಾರದು ಅಂದೆ. ನೀವು ತಲೆ ಆಡಿಸಿದಿರಿ. ಫಾರಂ ತೆಗೆದು ಸೊನ್ನೆ ಹಾಕಿದಿರಿ. ಒಂದು ಕೈ ಅಗಲದ ಹಲಗೆಯ ಆಚೆ ನನ್ನ ಅಕ್ಕ ನಿಂತಿದ್ದಳು.

ನಾನು ಅಲ್ಲೇ ನಿಂತು ಕಾಯುತ್ತಿದ್ದೆ ಮಿಸ್. ಇನ್ನೊಂದೇ ಒಂದು ಪ್ರಶ್ನೆ ಕೇಳುತ್ತೀರೇನೋ ಅಂತ. ಇಷ್ಟು ತಟ್ಟೆಗೆ ಸೊಪ್ಪು ಹಾಕುವವರು ಯಾರು, ನೀನು ದಿನವೆಲ್ಲ ನನ್ನ ಜೊತೆ ಇರುತ್ತೀಯಲ್ಲ ಅಂತ. ಕೇಳಿದ್ದರೆ ಬಾಯಿಬಿಡುತ್ತಿದ್ದೆ. ನೀವು ಕೇಳಲಿಲ್ಲ. ನಮ್ಮ ರೂಢಿಗೆ ಗೌರವ ಕೊಟ್ಟಿರಿ! ಬೆಂಗಳೂರಿನಿಂದ ಬರುವವರೆಲ್ಲ ನಮ್ಮ ರೂಢಿಗೆ ಗೌರವ ಕೊಟ್ಟು ಕೊಟ್ಟೇ ನಾವು ಹೀಗಾಗಿರುವುದು.

ಇನ್ನೊಂದು ತಿಳಿದುಕೊಳ್ಳಿ. ಹುಳುಮನೆಯಲ್ಲಿ ಬಚ್ಚಿಟ್ಟವರು ನಾವೊಬ್ಬರೇ ಅಲ್ಲ. ಇನ್ನೂ ಎರಡು ಮನೆಯವರು ಸುಣ್ಣದ ಗೆರೆ ಎಳೆದುಕೊಂಡರು. ಹೆಸರು ನಾನು ಬರೆಯುವುದಿಲ್ಲ, ಅದು ಅವರು ಹೇಳಬೇಕಾದದ್ದು. ನಿಮ್ಮ ಹತ್ತೊಂಬತ್ತನೇ ಪುಟದ ನೆಮ್ಮದಿ ಎಲ್ಲಿಂದ ಬಂತು ಅಂತ ಗೊತ್ತಾಯಿತೇ?

ನನ್ನ ಮದುವೆ ಅದೇ ವೈಶಾಖದಲ್ಲಿ ನಮ್ಮ ಮನೆ ಮುಂದೆಯೇ ಆಯಿತು. ಓಲಗ ಊದುವಾಗ ಅಂಜಕ್ಕ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ತೂತು ಬಿದ್ದ ರೇಷ್ಮೆಗೂಡುಗಳನ್ನು ಪೋಣಿಸಿ ಒಂದು ಹಾರ ಮಾಡಿಟ್ಟಿದ್ದಳು. ಅದನ್ನು ಅಮ್ಮ ತಂದು ನನ್ನ ಕೊರಳಿಗೆ ಹಾಕಿ, ಶ್ರೀನಿವಾಸಪುರದ ದೊಡ್ಡ ಮಗಳು ಕಳಿಸಿದ್ದಾಳೆ, ಬರಲು ಆಗಲಿಲ್ಲವಂತೆ ಅಂತ ಬೀಗರಿಗೆ ಹೇಳಿದಳು. ಅವತ್ತಿನಿಂದ ಆ ಸುಳ್ಳನ್ನು ನಾನು ಸಾಕುತ್ತಿದ್ದೇನೆ. ನಮ್ಮತ್ತೆ ಒಳ್ಳೆಯವರು. ಮಾಲೂರಿನಲ್ಲಿ ಅವರದು ಇಟ್ಟಿಗೆ ಗೂಡು, ಅದರ ಧೂಳು ಗುಡಿಸುತ್ತಾ ಏನಾದರೂ ಕೇಳುತ್ತಲೇ ಇರುತ್ತಾರೆ. “ನಿಮ್ಮಕ್ಕಂಗೆ ಮಕ್ಕಳೆಷ್ಟಮ್ಮಾ?” ಅಂತ ಕೇಳಿದರು. ಎರಡು ಗಂಡು ಅಂದೆ. ಹೋದ ವರ್ಷ ದೊಡ್ಡವನಿಗೆ ಸೀತಾಳೆ ಸಿಡುಬು ಬರಿಸಿದೆ. ಅತ್ತೆ ಅವನ ಹೆಸರಲ್ಲಿ ಮಾರಮ್ಮನಿಗೆ ತಂಬಿಟ್ಟು ಇಟ್ಟರು. ಮೂರು ದಿನ ಉಸಿರಾಡಿದ ಮಗುವಿನ ಅಮ್ಮನಿಗೆ ನಾನು ಎರಡು ಮಕ್ಕಳನ್ನು ಹುಟ್ಟಿಸಿ ದೊಡ್ಡವರನ್ನಾಗಿ ಮಾಡುತ್ತಿದ್ದೇನೆ. ನಿಮ್ಮ ಫಾರಂನಲ್ಲಿ ಇದಕ್ಕೆ ಎಷ್ಟನೇ ಪ್ರಶ್ನೆ ಮಿಸ್?

ಹೋದ ವರ್ಷ ಅಪ್ಪ ಬೋರ್‌ವೆಲ್ ಹಾಕಿಸಿ, ಹಿಪ್ಪುನೇರಳೆ ಕಿತ್ತು ಟೊಮೇಟೊ ಇಟ್ಟರು. ಎಲ್ಲರೂ ಇಟ್ಟರು, ಇವರೂ ಇಟ್ಟರು. ಹುಳು ಇಲ್ಲ. ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲ ಅಟ್ಟಕ್ಕೆ ಹೋಯಿತು. ನಾನು ಬಂದು ನೋಡಿದರೆ ಅಂಜಕ್ಕ ಖಾಲಿ ಹುಳುಮನೆಯಲ್ಲಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುತ್ತಿದ್ದಳು. ಕೈ ಸುಮ್ಮನಿರುವುದಿಲ್ಲ. ಇಲ್ಲದ ಸೊಪ್ಪನ್ನು ಇಲ್ಲದ ತಟ್ಟೆಗೆ ಉದುರಿಸುತ್ತಲೇ ಇರುತ್ತಾಳೆ. ಸದ್ದು ನಿಂತಿತಲ್ಲ, ಗೋಡೆಯವರಿಗೆ ಈಗ ಅಡ್ಡಿಯಿಲ್ಲ. ಅವರನ್ನು ಬೈಯುತ್ತಾಳೆ, ಗೋಡೆಗೆ ತಲೆ ಒತ್ತಿ ಉಜ್ಜುತ್ತಾಳೆ. ಹಣೆಯ ಮೇಲೆ ಗಾಯವಾಗಿದೆ. ಅವಳ ಹಾಗೆ ನನಗೂ ಈಗ ಕೂರಲು ಆಗುವುದಿಲ್ಲ. ಅವಳು ಒಳಗೆ ನಡೆಯುತ್ತಾಳೆ, ನಾನು ಹೊರಗೆ ನಡೆಯುತ್ತೇನೆ.

ಹೆರಿಗೆಯಾದರೆ ನಾಮಕರಣಕ್ಕೆ ಮಾಲೂರಿನವರು ಬರುತ್ತಾರೆ, ಎಂಟು ದಿನ ಇರುತ್ತಾರೆ. ಸುಣ್ಣದ ಗೆರೆ ಎಳೆಯೋಣವೆಂದರೆ ಹುಳುವೇ ಇಲ್ಲ. ಅದಕ್ಕೇ ಅಪ್ಪ ಕಂಬ ನೋಡಿಕೊಂಡು ಬಂದದ್ದು. ನಾನು ಜಗಳವಾಡಿದೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. “ನಿನ್ ಬಾಳು ನೋಡ್ಲಾ, ಅವಳ್ ಬಾಳು ನೋಡ್ಲಾ? ಎರಡನ್ನೂ ನೋಡೋಕೆ ನಂಗೇನು ನಾಕು ಕಣ್ಣಾ ಇರೋದು? ನೀನೇ ಹೇಳಮ್ಮ” ಅಂತ ಕೇಳಿದರು. ನಿಜವಾಗಿಯೂ ಕೇಳಿದರು. ಉತ್ತರಕ್ಕೆ ಕಾದರು.

ಹೋದ ವಾರದ ಬುಧವಾರ ಒಂಬತ್ತನೇ ತಾರೀಖು ಯಾರಿಗೂ ಹೇಳದೆ ಬಸ್ಸು ಹತ್ತಿ ಮುಳಬಾಗಿಲಿನ ಆಸ್ಪತ್ರೆಗೆ ಹೋದೆ. ಎರಡನೇ ಬುಧವಾರ, ನಾಲ್ಕನೇ ಬುಧವಾರ ಬೆಂಗಳೂರಿನ ಡಾಕ್ಟರು ಜೀಪಿನಲ್ಲಿ ಬಂದು ಮನಸ್ಸಿನ ಕಾಯಿಲೆಗೆ ಮಾತ್ರೆ ಕೊಡುತ್ತಾರೆ ಅಂತ ನಿಮ್ಮ ಪುಸ್ತಕದ ಕೊನೆಯ ಪುಟದಲ್ಲೇ ಇತ್ತು. ಅಲ್ಲಿ ಬೆಂಚಿನ ಮೇಲೆ ಯಾರು ಕೂತಿದ್ದರು ಗೊತ್ತೇ? ಆವನಿಯ ಚನ್ನರಾಯಪ್ಪ. ಮೈಮೇಲೆ ಬಟ್ಟೆಯಿಲ್ಲದೆ ಬೆಟ್ಟದ ಬಂಡೆಯ ಮೇಲೆ ಕೂತು ಬಂದವರಿಗೆ ಕಲ್ಲು ಬೀರುತ್ತಿದ್ದನಲ್ಲ, ಅವನೇ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ಕೈಯಲ್ಲಿ ಚೀಟಿ ಹಿಡಿದುಕೊಂಡು, “ಆವನಿ ಬಸ್ಸು ಎಷ್ಟೊತ್ತಿಗಮ್ಮ? ಮನೇಲಿ ಎಮ್ಮೆ ಕಾಯ್ತಿರ್ತದೆ” ಅಂದ. ನನಗೆ ಅಲ್ಲೇ ಅಳು ಬಂತು. ಆವನಿಯವರು ನಮಗಿಂತ ಒಳ್ಳೆಯವರೇನಲ್ಲ. ಬೆಟ್ಟದ ಮೇಲಿದ್ದವನನ್ನು ಎಲ್ಲಿ ಬಚ್ಚಿಡುತ್ತಾರೆ? ಅದಕ್ಕೇ ನಿಮ್ಮ ಲೆಕ್ಕಕ್ಕೆ ಸಿಕ್ಕ, ಅದಕ್ಕೇ ಬದುಕಿದ.

ಪಟ್ಟಿ ಇಟ್ಟುಕೊಂಡಿದ್ದ ಅಶ್ವತ್ಥಪ್ಪ ಅನ್ನುವವರು ನಮ್ಮ ಊರಿನ ಹಾಳೆ ತೆಗೆದು ಬೆರಳಿಟ್ಟು ನೋಡಿದರು. “ನಲವತ್ತೇಳು... ಸೊನ್ನೆ ಐತಲ್ಲಮ್ಮ. ನಿಮ್ಮೂರಾಗೆ ಸೊನ್ನೆಗಳೇ ಜಾಸ್ತಿ, ಪುಣ್ಯವಂತರು” ಅಂದರು. ಇದ್ದಾಳೆ ಸಾರ್, ಆಗ ತಪ್ಪು ಬರೆಸಿದ್ದು ಅಂದೆ. ಈ ಮಾತ್ರೆ ನಿಮ್ಮ ಓದಿನ ಲೆಕ್ಕಕ್ಕೆ ಬಂದದ್ದು, ಪಟ್ಟಿಯಲ್ಲಿರುವವರಿಗೆ ಮಾತ್ರ, ಹೊಸಬರನ್ನು ಬೆಂಗಳೂರಿಗೇ ಕರೆದುಕೊಂಡು ಹೋಗಬೇಕು ಅಂದರು. ಅಪ್ಪ ಕರೆದುಕೊಂಡು ಹೋಗುವುದಿಲ್ಲ. ಈ ಹೊಟ್ಟೆ ಇಟ್ಟುಕೊಂಡು ನಾನೊಬ್ಬಳೇ ಅವಳನ್ನು ಎರಡು ಬಸ್ಸು ಹತ್ತಿಸಿ ಇಳಿಸಲು ಆಗುವುದಿಲ್ಲ. ತುಂಬ ಗೋಗರೆದ ಮೇಲೆ ಅಶ್ವತ್ಥಪ್ಪನವರು, “ಬರ್ದೋರೇ ತಿದ್ದಬೇಕಮ್ಮ. ಅವ್ರು ಬಂದು ತಿದ್ಲಿ, ಇಲ್ಲ ಅವ್ರ ಕೈಯಾರ ಮೂರು ಸಾಲು ಬರ್ದು ಕಳಿಸ್ಲಿ. ಡಾಕ್ಟ್ರಿಗೆ ನಾನ್ ಹೇಳ್ತೀನಿ” ಅಂದರು. ಮನೆಗೆ ಬಂದು ಎಂಟು ದಿನ ಪೆನ್ನು ಹಿಡಿದು ಹಿಡಿದು ಇಟ್ಟೆ.

ಯಾಕೆ ಇಟ್ಟೆ ಅಂದರೆ, ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅದನ್ನು ಹೊಡೆದು ಹಾಕುವುದಿಲ್ಲ, ಇರಲಿ, ನೀವೂ ನೋಡಿ. ಅವತ್ತು ನಮ್ಮಮ್ಮ ಯಾರೂ ಇಲ್ಲ ಅನ್ನಲಿಲ್ಲ.

ನಾನು ತೆಲುಗಿನಲ್ಲಿ ಪ್ರಶ್ನೆ ಕೇಳಿದಾಗ ಅಮ್ಮ ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು. ಅಪ್ಪ ಅರಳಿಕಟ್ಟೆಯಲ್ಲಿದ್ದರು. ಅಮ್ಮ ನಿಮ್ಮ ಮುಖವನ್ನೇ ನೋಡುತ್ತಾ, “ನಾ ಪೆದ್ದ ಬಿಡ್ಡ ಲೋಪಲ ಉಂದಮ್ಮಾ. ಒಕಸಾರಿ ಚೂಡಂಡಿ” ಅಂದಳು. ನನ್ನ ದೊಡ್ಡ ಮಗಳು ಒಳಗಿದ್ದಾಳಮ್ಮಾ, ಒಂದು ಸಲ ನೋಡಿ ಅಂತ. ಏಳು ವರ್ಷದಲ್ಲಿ ಆ ಮಾತನ್ನು ಅವಳು ಹೊರಗಿನವರ ಮುಂದೆ ಹೇಳಿದ್ದು ಅದೇ ಮೊದಲು. ನೀವು ನನ್ನ ಕಡೆ ತಿರುಗಿದಿರಿ. ನಾನು ಕನ್ನಡದಲ್ಲಿ, ಯಾರೂ ಇಲ್ಲ ಅಂತಾಳೆ ಮಿಸ್ ಅಂದೆ. ಅಮ್ಮನಿಗೆ ಅಷ್ಟು ಕನ್ನಡ ಬರುತ್ತದೆ. ಅವಳು ಅತ್ತದ್ದು ಅಜ್ಜಿಗಲ್ಲ. ನಮ್ಮಜ್ಜಿ ಸತ್ತದ್ದು ನಾನು ಹುಟ್ಟುವ ಮೊದಲು.

ಅಪ್ಪನ ಹೆದರಿಕೆಗೆ ಹೇಳಿದ್ದಲ್ಲ. ನನಗೆ ಮಾಲೂರು ಬೇಕಿತ್ತು. ರೈಲಿನ ಊರು, ಯಾರಿಗೂ ನಮ್ಮ ಮನೆಯ ವಿಷಯ ಗೊತ್ತಿಲ್ಲದ ಊರು. ನನ್ನ ಗಂಡ ಕದಿರೇಶ ಹೆಣ್ಣು ನೋಡಲು ಬಂದಾಗ ಇನ್ನೂ ಓದುತ್ತೀಯಾ ಅಂತ ಕೇಳಿದ್ದ, ಯಾರೂ ಕೇಳದ್ದನ್ನು. ಏಳು ವರ್ಷ ಆ ಬಾಗಿಲು ಕಾದಿದ್ದೆ, ಇನ್ನು ಒಂದು ದಿನವೂ ಆಗುತ್ತಿರಲಿಲ್ಲ. ಅಮ್ಮ ಬಾಗಿಲು ತೆಗೆದಳು, ನಾನು ಮುಚ್ಚಿದೆ. ಅದಕ್ಕೆ ನೀವು ‘ಪ್ರಾಮಾಣಿಕವಾಗಿ’ ಅಂತ ಅಚ್ಚು ಹಾಕಿಸಿದಿರಿ. ಆ ಮಾತು ಮೈಗೆ ತುರಿಕೆ ಸೊಪ್ಪು ತಾಗಿದ ಹಾಗೆ ಉರಿಯುತ್ತದೆ.

ಈಗ ಗೊತ್ತಾಯಿತಲ್ಲ. ನನ್ನನ್ನು ಬೈಯಬೇಕೆಂದರೆ ಬೈಯಿರಿ, ಆದರೆ ಆಮೇಲೆ. ಮೊದಲು ಮೂರು ಸಾಲು ಬರೆಯಿರಿ. ಬುಧವಾರದೊಳಗೆ ಮುಳಬಾಗಿಲಿಗೆ ತಲುಪಬೇಕು, ಟಪಾಲು ನಂಬಬೇಡಿ, ಬಸ್ಸಿನಲ್ಲಿ ಯಾರ ಕೈಲಾದರೂ ಕಳಿಸಿ. ನೀವೇ ಬಂದರೆ ಇನ್ನೂ ಒಳ್ಳೆಯದು. ನಿಮ್ಮ ಓದಿಗೆ ತೊಂದರೆಯಾಗುತ್ತದೆ, ಹತ್ತೊಂಬತ್ತನೇ ಪುಟ ಸುಳ್ಳಾಗುತ್ತದೆ, ದೊಡ್ಡವರು ಕೇಳುತ್ತಾರೆ ಅಂತ ಗೊತ್ತು. ತಪ್ಪು ದುಭಾಷಿಯದು ಅಂತ ಬರೆಯಿರಿ. ಕುಮಾರಿ ಶಾಮಲ ಸುಳ್ಳು ಹೇಳಿದಳು ಅಂತ ಅದೇ ಮೂರನೇ ಪುಟದಲ್ಲಿ ಅಚ್ಚು ಹಾಕಿಸಿ.

ಪಟ್ಟಿಗೆ ಹೆಸರು ಬಿದ್ದರೆ ತಿಂಗಳಿಗೊಂದು ಸಲ ನರ್ಸಮ್ಮ ಮನೆಗೆ ಬಂದು ನೋಡುತ್ತಾರಂತೆ. ಇನ್ನು ಬಚ್ಚಿಡಲು ಆಗುವುದಿಲ್ಲ. ಅದಕ್ಕೇ ಬೆಳಿಗ್ಗೆ ಮಾಲೂರಿಗೆ ಕದಿರೇಶನ ಹೆಸರಿಗೆ ಒಂದು ಕಾರ್ಡು ಹಾಕಿದೆ. ಕವರಲ್ಲ, ಕಾರ್ಡು. ನನ್ನ ಅಕ್ಕ ಶ್ರೀನಿವಾಸಪುರದಲ್ಲಿಲ್ಲ, ಇಲ್ಲೇ ಇದ್ದಾಳೆ, ಕಾಯಿಲೆಯಿದೆ, ಮಕ್ಕಳಿಲ್ಲ ಅಂತ ಬರೆದೆ. ಪೋಸ್ಟ್‌ಮ್ಯಾನ್ ಓದಲಿ, ಇಟ್ಟಿಗೆ ಗೂಡಿನ ಮೇಸ್ತ್ರಿ ಓದಲಿ, ಅತ್ತೆಗೆ ಯಾರಾದರೂ ಓದಿ ಹೇಳಲಿ. ಡಬ್ಬಿಯೊಳಗೆ ಬಿಟ್ಟ ಮೇಲೆ ಕೈ ಹಾಕಿ ವಾಪಸು ತೆಗೆಯಲು ನೋಡಿದೆ. ಬಾಯಿ ಚಿಕ್ಕದು, ಕೈ ಹೋಗಲಿಲ್ಲ. ಒಳ್ಳೆಯದಾಯಿತು.

ಉತ್ತರ ಬೇಡ. ಚೀಟಿ ಬೇಕು.

ಇಂತಿ,
ಪ್ರಾಮಾಣಿಕಳಲ್ಲದ
ಶಾಮಲ
(ಮುನಿರಾಮಪ್ಪನವರ ಎರಡನೇ ಮಗಳು, ಮನೆ ನಂಬರು 47. ಜಾಜು ಇನ್ನೂ ಅಳಿಸಿಲ್ಲ, ಬಂದರೆ ಗುರುತು ಸಿಗುತ್ತದೆ.)

ತಾ.ಕ.: ಕವರು ಅಂಟಿಸಲು ಅನ್ನದ ಅಗುಳು ತರುವಾಗ ಅಂಜಕ್ಕ ಹುಳುಮನೆಯಿಂದ ಕರೆದಳು. ಬೆಳಿಗ್ಗೆಯಿಂದ ಏನು ಬರೀತಿದ್ದೀಯಾ ಅಂತ. ಅನಸೂಯ ಮಿಸ್‌ಗೆ ಅಂದೆ. “ಚಪ್ಪಲಿ ಕಿತ್ತೋಯ್ತಲ್ಲ, ಆ ಯಮ್ಮನಾ?” ಅಂದಳು. ಅಗುಳು ಪಕ್ಕಕ್ಕಿಟ್ಟೆ. ಒಳಗೆ ಹೋಗಿ ಕೂತು ಇಡೀ ಕಾಗದ ಅವಳಿಗೆ ಓದಿ ಹೇಳಿದೆ. ಕೈ ಆಡಿಸುತ್ತಲೇ ಕೇಳಿದಳು. ಬಾಗಿಲಿನ ಮಾತು ಬಂದಾಗ ಕೈ ನಿಂತಿತು.

“ಆ ಯಮ್ಮ ಸಂದೀಲಿ ನನ್ನ ನೋಡಿದ್ಳು ಕಣೇ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ಳು. ನಿನ್ ಮದುವೆ ಕೆಡ್ತದಲ್ಲ ಅಂತ ನಾನೇ ಬಾಯ್ ಮೇಲೆ ಬೆಳ್ಳಿಟ್ಟೆ. ಆ ಯಮ್ಮ ತಲೆ ಆಡಿಸಿದ್ಳು. ಒಳ್ಳೇವ್ಳು” ಅಂದಳು.

ಹಾಗಾದರೆ ಅವತ್ತು ನೀವು ತಲೆ ಆಡಿಸಿದ್ದು ನನ್ನ ಮಾತಿಗಲ್ಲ. ಕಾಗದ ಹರಿದು ಹಾಕೋಣ ಅನ್ನಿಸಿತು. ಹರಿಯಲಿಲ್ಲ. ಅವಳು ಕೇಳಿಕೊಂಡಳು, ನೀವು ಗುಟ್ಟು ಕಾಪಾಡಿದಿರಿ, ಅದಕ್ಕೆ ನಾನು ಏನೂ ಅನ್ನಲಾರೆ. ಆದರೆ ಹತ್ತೊಂಬತ್ತನೇ ಪುಟ ಬರೆಯುವಾಗ ಆ ಬೆರಳು ನಿಮಗೆ ನೆನಪಾಗಲಿಲ್ಲವೇ ಮಿಸ್? ಮೇಲೆ ಹೊಡೆದು ಹಾಕಿದ ‘ಪ್ರೀತಿಯ’ ಹಾಗೇ ಇರಲಿ.

ಏನು ಬರೆಯಲಿ ಅಂತ ಅಂಜಕ್ಕನನ್ನೇ ಕೇಳಿದೆ. ಗೋಡೆಯ ಕಡೆ ಒಮ್ಮೆ ನೋಡಿದಳು. ಆಮೇಲೆ, “ಈಗ ಬೆಳ್ಳು ತೆಗ್ದಿದ್ದೀನಿ ಅಂತ ಬರಿ” ಅಂದಳು. ಬರೆದಿದ್ದೇನೆ. ಕೆಳಗಿನ ಸಾಲು ನನ್ನದಲ್ಲ, ಪೆನ್ನು ಕಿತ್ತುಕೊಂಡು ಅವಳೇ ಬರೆದದ್ದು.

ಮನೆ 47. ಇರುವವರು 1. ಅಂಜಮ್ಮ.